ಅಂತಿಮ ವರ್ಷದ ಪ್ರಾಜೆಕ್ಟ್: ಒಂದು ಪ್ರಮಾಣ ವಿಚಾರ

ವಿಮಾನ ನಿರ್ವಹಣಾ ಎಂಜಿನಿಯರಿಂಗಿನ ಕೊನೆಯ ವರ್ಷದ ಪ್ರಾಜೆಕ್ಟಿಗೆ ಅಧಿಕಾರಿ ಯಾರು? ಈ ವಿಷಯದಲ್ಲಿ ಪೂರ್ವಾಚಾರ್ಯರಿಗೆ, ಅಂದರೆ ಸೀನಿಯರುಗಳಿಗೆ, ಭಿನ್ನಾಭಿಪ್ರಾಯವಿಲ್ಲ. ನಾಲ್ವರಿರಬೇಕು. ಒಬ್ಬ ದುಡಿಯಲು, ಒಬ್ಬ ಟೈಪ್ ಮಾಡಲು, ಒಬ್ಬ ಗೈಡ್ ಕೋಣೆಯ ಬಾಗಿಲು ಕಾಯಲು. ನಾಲ್ಕನೆಯವನ ಪ್ರಯೋಜನದ ಬಗ್ಗೆ ಶಾಸ್ತ್ರ ಮೌನವಾಗಿದೆ. ರಿಪೋರ್ಟಿನಲ್ಲಿ ಅವನ ಹೆಸರೇ ಮೊದಲು ಬರುತ್ತದೆ ಎಂಬುದು ಮಾತ್ರ ಅನುಭವವೇದ್ಯ.

ವಿಮಾನವಿಲ್ಲದೆ ವಿಮಾನದ ಪ್ರಾಜೆಕ್ಟ್ ಮಾಡುವ ಬಗೆ ಎಂತು ಎಂಬುದು ಮುಂದಿನ ಪ್ರಶ್ನೆ. ಕಾಲೇಜಿನ ಅಂಗಳದಲ್ಲಿ ಎಂಜಿನ್ ಕಳಚಿದ ಒಂದು ಹಳೆಯ ವಿಮಾನವಿತ್ತು. ಅದರ ರೆಕ್ಕೆಯ ನೆರಳು ಕಾವಲುಗಾರರ ಸೈಕಲ್ಲಿಗೆ ಮೀಸಲು. ಹೀಗಾಗಿ ನಾಣ್ಯದಿಂದ ಕುಟ್ಟಿ ಕಾಂಪೋಸಿಟ್ ಫಲಕದ ದೋಷ ಹುಡುಕುವ ವಿಷಯ ಹಿಡಿದೆವು. ಉಪಕರಣದ ವೆಚ್ಚ 5 ರೂಪಾಯಿ. ನಾಣ್ಯ ಕೊಂಡ ಬಿಲ್ ತನ್ನಿ ಎಂದು ಅಕೌಂಟ್ಸ್ ವಿಭಾಗ ಕೇಳಿದ್ದರಿಂದ ಆ ಹಣ ಇವತ್ತಿಗೂ ವಾಪಸಾಗಿಲ್ಲ.

ನೈಯಾಯಿಕರು ಒಪ್ಪಿದ ನಾಲ್ಕು ಪ್ರಮಾಣಗಳೂ ಹ್ಯಾಂಗರಿನಲ್ಲಿ ಸಿಗುತ್ತವೆ ಎಂಬುದು ಈ ಪ್ರಬಂಧದ ಪ್ರತಿಜ್ಞೆ.

ಪ್ರತ್ಯಕ್ಷವೆಂದರೆ ಟಾರ್ಚು, ಕನ್ನಡಿ ಹಿಡಿದು ನೋಡುವುದು. ನೋಡಿದ್ದನ್ನು ಬಾಯಿಬಿಟ್ಟು ಹೇಳುವುದೂ ಅದರಲ್ಲೇ ಸೇರಬೇಕು. 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ, ಹತ್ತಿರ ಹತ್ತಿರ 90 ಸಾವಿರ ಸಲ ಏರಿ ಇಳಿದಿದ್ದ ಅಲೋಹಾ ಏರ್‌ಲೈನ್ಸಿನ ಬೋಯಿಂಗ್ 737ರ ಮೇಲ್ಭಾಗ ಆಕಾಶದಲ್ಲೇ ಕಿತ್ತುಹೋಯಿತು. ಹತ್ತುವಾಗಲೇ ಬಿರುಕು ಕಂಡಿದ್ದ ಪ್ರಯಾಣಿಕರೊಬ್ಬರು ಸಿಬ್ಬಂದಿಗೆ ಹೇಳಿರಲಿಲ್ಲ. ನಮ್ಮ ಗೈಡ್ ಕೂಡ ಮೊದಲ ಅಧ್ಯಾಯದಲ್ಲೇ ಬಿರುಕು ಕಂಡಿದ್ದರಂತೆ. ವೈವಾ ದಿನ ಹೇಳಿದರು.

ಅನುಮಾನಕ್ಕೆ ಕನ್ನಡದಲ್ಲಿ ಬಂದಿರುವ ಅರ್ಥವೇ ಸಾಕು. ಹ್ಯಾಂಗರಿನಲ್ಲಿ ಅದು ಸದ್ಗುಣ, ಡಿಪಾರ್ಟ್‌ಮೆಂಟಿನಲ್ಲಿ ಅಧಿಕಪ್ರಸಂಗ.

ಉಪಮಾನವೇ ನಮ್ಮ ಬೆನ್ನೆಲುಬು. ಹಸುವಿನ ಹಾಗಿರುವುದು ಗವಯ ಎಂದು ತಾರ್ಕಿಕರು. ಹೋದ ವರ್ಷದ ರಿಪೋರ್ಟಿನ ಹಾಗಿರುವುದು ಈ ವರ್ಷದ ರಿಪೋರ್ಟು ಎಂದು ನಾವು. ಈ ಪ್ರಮಾಣದ ಮಹಿಮೆ ಬರ್ಮಿಂಗ್‌ಹ್ಯಾಮಿನಲ್ಲೂ ಪ್ರಕಟವಾಗಿದೆ. 1990ರ ಜೂನಿನ ಒಂದು ರಾತ್ರಿ ಬ್ರಿಟಿಷ್ ಏರ್‌ವೇಸಿನ ಬಿಎಸಿ ಒನ್-ಇಲೆವನ್ ವಿಮಾನದ ಮುಂಗಾಜು ಬದಲಾಯಿಸುತ್ತಿದ್ದ ಶಿಫ್ಟ್ ಮೇಲ್ವಿಚಾರಕರು ಬಿಡಿಭಾಗಗಳ ಪುಸ್ತಕ ನೋಡದೆ, ಬಿಚ್ಚಿದ ಬೋಲ್ಟಿನ ಪಕ್ಕ ಹೊಸದನ್ನಿಟ್ಟು ಕಣ್ಣಳತೆಯಲ್ಲೇ ಆರಿಸಿದರು. ಕೂರಿಸಿದ 90ರಲ್ಲಿ 84 ಬೋಲ್ಟು ತೆಳುವಾಗಿದ್ದವು. ವ್ಯತ್ಯಾಸ ಒಂದು ಮಿಲಿಮೀಟರ್ ಕೂಡ ಇಲ್ಲ. ಜೂನ್ 10ರಂದು 17 ಸಾವಿರ ಅಡಿ ಮೇಲೆ ಗಾಜು ಹಾರಿಹೋಗಿ ಕ್ಯಾಪ್ಟನ್ ಅರ್ಧಕ್ಕರ್ಧ ಹೊರಗೆ ಸೆಳೆದುಹೋದರು. ಸಿಬ್ಬಂದಿ ಅವರ ಕಾಲು ಹಿಡಿದು ನಿಂತರು, ಸಹಪೈಲಟ್ ಸೌತಾಂಪ್ಟನ್ನಿನಲ್ಲಿ ವಿಮಾನ ಇಳಿಸಿದರು, ಕ್ಯಾಪ್ಟನ್ ಬದುಕಿದರು. ಆಮೇಲೆ ಗೊತ್ತಾದದ್ದೇನೆಂದರೆ, ಬಿಚ್ಚಿ ತೆಗೆದ ಹಳೆಯ ಬೋಲ್ಟುಗಳಲ್ಲೇ ಹೆಚ್ಚಿನವು ತಪ್ಪು ಅಳತೆಯವು. ಅವಕ್ಕೆ ಉದ್ದ ಸಾಲದು.

ಈ ಇಡೀ ಪ್ರಸಂಗವನ್ನು ಸೀನಿಯರ್ ರಿಪೋರ್ಟಿನಿಂದ ನಮ್ಮ ಎರಡನೆಯ ಅಧ್ಯಾಯಕ್ಕೆ ಯಥಾವತ್ ಇಳಿಸಿಕೊಂಡೆವು. ಅವರು ಅವರ ಸೀನಿಯರುಗಳದ್ದರಿಂದ ಇಳಿಸಿದ್ದರು. ಕೃತಜ್ಞತೆಯ ಪುಟದಲ್ಲಿ ‘ಪ್ರೀತಿಯ ಅತ್ತಿಗೆ’ಗೆ ವಂದನೆ ಇತ್ತು. ನಮ್ಮ ನಾಲ್ವರಲ್ಲಿ ಯಾರಿಗೂ ಅಣ್ಣನಿರಲಿಲ್ಲ.

ಇನ್ನು ಶಬ್ದ. ಆಪ್ತರ ಮಾತೇ ಶಬ್ದಪ್ರಮಾಣ ಎಂದು ಹಿಂದಿನವರು ಸುತ್ತಿ ಬಳಸಿ ಹೇಳಿದ್ದಾರೆ. ನಮ್ಮದು ನೇರ ಶಬ್ದವೇ. ಫಲಕದ ಪದರಗಳು ಅಂಟಿಕೊಂಡಿದ್ದರೆ ನಾಣ್ಯ ಠಣ್ ಎನ್ನುತ್ತದೆ, ಒಳಗೆ ಬಿಟ್ಟುಕೊಂಡಿದ್ದರೆ ಬೊದ್. ಮಲೆನಾಡಿನ ನನ್ನ ಅಜ್ಜಿ ಇದೇ ಪರೀಕ್ಷೆಯನ್ನು ಹಲಸಿನಕಾಯಿಯ ಮೇಲೆ ಬೆರಳ ಗೆಣ್ಣಿನಿಂದ ನಡೆಸುತ್ತಿದ್ದರು. ತೀರ್ಪಷ್ಟೇ ತಿರುವುಮುರುವು: ಹಲಸಿನಲ್ಲಿ ಬೊದ್ ಎಂದರೆ ನಾಳೆ ಕಡುಬು, ವಿಮಾನದಲ್ಲಿ ಬೊದ್ ಎಂದರೆ ಹಾರಾಟ ಬಂದ್. ದೋಷಪರೀಕ್ಷಕರಿಗೆ ಮೂರು ದರ್ಜೆಗಳಿವೆ. ಅಜ್ಜಿ ನಿಸ್ಸಂಶಯವಾಗಿ ಮೂರನೆಯದು. ನಾವೋ, ಒಂದೇ ಜಾಗವನ್ನು ನಾಲ್ವರೂ ಕುಟ್ಟಿ ನಾಲ್ಕು ಬಗೆಯಲ್ಲಿ ಕೇಳಿಸಿಕೊಂಡು ಸರಾಸರಿ ತೆಗೆದೆವು. ಠಣ್ ಮತ್ತು ಬೊದ್‌ಗಳ ಸರಾಸರಿ ಎಷ್ಟೆಂದು ಯಾರೂ ಕೇಳಲಿಲ್ಲ. ಗ್ರಾಫ್ ಬಣ್ಣಬಣ್ಣವಾಗಿತ್ತು.

ಹ್ಯಾಂಗರಿನಲ್ಲಿ ಲೈಸೆನ್ಸ್ ಇರುವ ಎಂಜಿನಿಯರ್ ಸಹಿ ಹಾಕದೆ ವಿಮಾನ ಮತ್ತೆ ಹಾರುವ ಹಾಗಿಲ್ಲ. ನಾಳೆ ಏನಾದರೂ ಆದರೆ ಮೊದಲು ತೆಗೆದು ನೋಡುವುದು ಆ ಸಹಿಯನ್ನೇ. ಇದನ್ನು ನಮಗೆ ಮೂರು ವರ್ಷ ಬಿಡದೆ ಪಾಠ ಹೇಳಿದವರೇ ನಾಲ್ಕನೆಯ ವರ್ಷ, ಕೊನೆಯ ಅಧ್ಯಾಯ ಬರೆಯುವ ಮೊದಲೇ, ಸರ್ಟಿಫಿಕೇಟ್ ಪುಟಕ್ಕೆ ಸಹಿ ಹಾಕಿಕೊಟ್ಟರು. ಎಚ್‌ಒಡಿ ಸಹಿ ಲಿಫ್ಟಿನಲ್ಲಿ ಆಯಿತು. ಎರಡನೆಯ ಮಹಡಿಯಿಂದ ನೆಲಮಹಡಿಯೊಳಗೆ ಐದು ಪ್ರತಿ.

ವೈವಾಕ್ಕೆ ಬಂದ ಎಕ್ಸ್‌ಟರ್ನಲ್ ಹಿಂದೆ ಹ್ಯಾಂಗರಿನಲ್ಲಿ ದುಡಿದವರು. ಗ್ರಾಫ್ ನೋಡಲಿಲ್ಲ. ‘ಎಲ್ಲಿ ಆ ನಾಣ್ಯ?’ ಅಂದರು. ಕೊಟ್ಟೆವು. ಫಲಕದ ಮೇಲೆ ಒಮ್ಮೆ ಕುಟ್ಟಿದರು: ಠಣ್. ತಲೆಯಾಡಿಸಿ, ಚಿನ್ನದಕ್ಷರದ ನಮ್ಮ ಹಾರ್ಡ್ ಬೈಂಡ್ ರಿಪೋರ್ಟನ್ನು ಹತ್ತಿರ ಎಳೆದುಕೊಂಡು ಅದರ ಮೇಲೂ ಕುಟ್ಟಿದರು: ಬೊದ್. ಗೈಡ್ ಕಿಟಕಿಯಾಚೆ ನೋಡಿದರು. ನಾಲ್ಕನೆಯವನು ಮೊದಲ ಸಲ ಬಾಯಿ ತೆರೆದು, ‘ಸರ್, ಬೈಂಡಿಂಗ್ ಈಗಷ್ಟೇ ಆಗಿದೆ, ಅಂಟು ಒಣಗಿಲ್ಲ’ ಎಂದ. ಅವರು ನಕ್ಕು ಸಹಿ ಹಾಕಿದರು. ನಾಣ್ಯವನ್ನು ಮಾತ್ರ ಜೇಬಿಗಿಳಿಸಿಕೊಂಡು ಹೋದರು.