ಕ್ಷೇತ್ರಗಣಿತ ಮತ್ತು ಒತ್ತುವರಿ: ಶಿಕಾರಿಪುರ–ಸೊರಬ ಸೀಮೆಯ ಒಂದು ಗಹನ ಅಧ್ಯಯನ

ಪೀಠಿಕೆ

ಪ್ರೌಢಶಾಲೆಯ ಮಕ್ಕಳು ಬೀಜಗಣಿತ, ರೇಖಾಗಣಿತ ಎಂದರೆ ಬೆವರುವುದೇಕೆ? ವಿದ್ವಾಂಸರು ಪಠ್ಯಪುಸ್ತಕದಲ್ಲಿ ಉತ್ತರ ಹುಡುಕಿ ಸೋತಿದ್ದಾರೆ. ಪ್ರಸ್ತುತ ಸಂಶೋಧಕನಿಗೆ ಅದು ಅಡಿಕೆ ತೋಟದ ಬದುವಿನ ಮೇಲೆ ಸಿಕ್ಕಿತು. 12ನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲಿ ಬರೆದ ಗಣಿತ ಗ್ರಂಥವೊಂದರ ಹೆಸರೇ ‘ಕ್ಷೇತ್ರಗಣಿತ’. ಕ್ಷೇತ್ರವೆಂದರೆ ಹೊಲ, ಗದ್ದೆ. ಬರಬರುತ್ತಾ ನಮ್ಮಲ್ಲಿ ಕ್ಷೇತ್ರವೆಂದರೆ ವಿಧಾನಸಭಾ ಕ್ಷೇತ್ರ ಎಂದಾಯಿತು. ಗಣಿತವೆಲ್ಲ ಅಲ್ಲಿಗೆ ಹೋಗಿ, ಮಕ್ಕಳ ಪಾಲಿಗೆ ಕಂಪಾಸು ಪೆಟ್ಟಿಗೆ ಮಾತ್ರ ಉಳಿಯಿತು.

ಸ್ವಯಂಸಿದ್ಧಗಳು

1. ಶೂನ್ಯ: ಅಲ್ಲಮಪ್ರಭುವಿನ ಬಳ್ಳಿಗಾವಿ ಇರುವುದು ಶಿಕಾರಿಪುರ ತಾಲ್ಲೂಕಿನಲ್ಲಿ. ಶೂನ್ಯಸಿಂಹಾಸನ ಏರಿದವನ ಸೀಮೆಯ ಹುಡುಗ ಕಿರುಪರೀಕ್ಷೆಯಲ್ಲಿ ಶೂನ್ಯ ತಂದರೆ ಅದು ಅಂಕವೋ ಅನುಭಾವವೋ ಎಂಬುದು ಪೋಷಕರ ಸಭೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.

2. ಸಮಾನಾಂತರ ರೇಖೆಗಳು ಎಂದೂ ಸಂಧಿಸವು: ಆದರೆ ಸೊರಬದ ಬಂಗಾರಪ್ಪ, ಶಿಕಾರಿಪುರದ ಯಡಿಯೂರಪ್ಪ 2004ರಲ್ಲಿ ಒಂದೇ ಪಕ್ಷದಲ್ಲಿ ಸಂಧಿಸಿದರು, ಮರುವರ್ಷವೇ ಬೇರೆಯಾದರು. ಹೀಗಾಗಿ ಅವು ಸಮಾನಾಂತರವಲ್ಲ, ಛೇದಿಸುವ ರೇಖೆಗಳೆಂದು ಸಿದ್ಧವಾಗಿ ಯೂಕ್ಲಿಡನ ಮಾನ ಉಳಿಯಿತು.

3. ಎಕ್ಸ್: ಊರಿಗೆಲ್ಲ ಗೊತ್ತಿದ್ದೂ ಯಾರೂ ಬಾಯಿಬಿಡದ ಹೆಸರೇ ಎಕ್ಸ್. “ಬದು ಕಡಿದೋರು ಯಾರು?” ಎಂದು ಕೇಳಿ. “ಯಾರೋ” ಎನ್ನುತ್ತಾರೆ. ಈ ‘ಯಾರೋ’ ಎಂಬುವನ ಬೆಲೆ ತಿಳಿಯುವುದು ಸರ್ವೆಯವರು ಬಂದು ಬಾಂದುಕಲ್ಲು ಹುಡುಕಿದ ದಿನ.

ಪ್ರಮೇಯ: ಎ ಪ್ಲಸ್ ಬಿ ಹೋಲ್ ಸ್ಕ್ವೇರ್

ದತ್ತ: ಒಂದು ಗುಂಟೆ ಜಮೀನು. ಎಂದರೆ 33 ಅಡಿಗೆ 33 ಅಡಿಯ ಚೌಕ.

ಸಾಧನೀಯ: ಎಂಟನೆಯ ತರಗತಿಯ ಮೊಮ್ಮಗನಿಗಿಂತ ಶಾಲೆಯ ಮೆಟ್ಟಿಲು ಹತ್ತದ ಅಜ್ಜ ದೊಡ್ಡ ಬೀಜಗಣಿತಜ್ಞ.

ರಚನೆ: 33ನ್ನು 30 ಮತ್ತು 3 ಎಂದು ಒಡೆಯಿರಿ. ಅಂಗಳದ ಮಣ್ಣಲ್ಲಿ ಕಡ್ಡಿಯಿಂದ ಚೌಕ ಗೀರಿ, ಅಡ್ಡಕ್ಕೊಂದು ಉದ್ದಕ್ಕೊಂದು ಗೆರೆ ಎಳೆಯಿರಿ. 30 ಅಡಿಯ ದೊಡ್ಡ ಚೌಕ, ಮೂಲೆಯಲ್ಲಿ 3 ಅಡಿಯ ಮರಿ ಚೌಕ, 30ಕ್ಕೆ 3 ಅಡಿಯ ಎರಡು ಪಟ್ಟಿ ಕಾಣುತ್ತವೆ.

ಸಾಧನೆ: ಮೊಮ್ಮಗ 30ರ ವರ್ಗ 900, 3ರ ವರ್ಗ 9, ಒಟ್ಟು 909 ಎಂದ. ಅಜ್ಜ ಎಲೆಅಡಿಕೆಯನ್ನು ಒಂದು ದವಡೆಗೆ ಸರಿಸಿ, “ಗುಂಟೆ ಅಂದ್ರೆ ಸಾವಿರದ ಎಂಬತ್ತೊಂಬತ್ತು ಅಡಿ ಕಣೋ ತಮ್ಮ. ಆ ಎರಡು ಪಟ್ಟಿ ಯಾರ ತೋಟಕ್ಕೆ ಬಿಟ್ಟು ಬಂದಿ?” ಎಂದರು. ಪಟ್ಟಿ ಒಂದಕ್ಕೆ 90, ಎರಡಕ್ಕೆ 180. ಕೂಡಿಸಿದರೆ 1089, ಅಜ್ಜನ ಮಾತು ಅಂಗುಲ ತಪ್ಪಲಿಲ್ಲ. ಈ 180ನ್ನು ಪಠ್ಯಪುಸ್ತಕ 2ಎಬಿ ಎನ್ನುತ್ತದೆ, ತಾಲ್ಲೂಕು ಕಚೇರಿ ಒತ್ತುವರಿ ಎನ್ನುತ್ತದೆ.

ಉಪಪ್ರಮೇಯ: ಎಕರೆಗೆ 40 ಗುಂಟೆ. ಪ್ರತಿ ಗುಂಟೆಯಲ್ಲೂ 2ಎಬಿ ಮರೆತರೆ 7200 ಚದರ ಅಡಿ ಹೋಯಿತು. 9 ಅಡಿ ಅಂತರದಲ್ಲಿ ನೆಟ್ಟ ಅಡಿಕೆ ಸಸಿಗೆ ಬೇಕಾದದ್ದು 81 ಚದರ ಅಡಿ. ಅಲ್ಲಿಗೆ ಎಕರೆಗೆ 88 ಅಡಿಕೆ ಮರ ಉತ್ತರಪತ್ರಿಕೆಯಲ್ಲೇ ಒಣಗಿದಂತೆ.

ಪೈಥಾಗೊರಸನ ವಿಚಾರ

ಪಾಯ ತೆಗೆಯುವ ಮೇಸ್ತ್ರಿ ಮೂಲೆಯಿಂದ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿಗೆ ಗುರುತು ಹಾಕಿ ನಡುವೆ ಟೇಪು ಹಿಡಿಯುತ್ತಾನೆ. 5 ಬಂದರೆ ಮೂಲೆ ಸರಿ, ಬರದಿದ್ದರೆ ಗೂಟ ಕೀಳು. ವಿಕರ್ಣದ ವರ್ಗದ ಸುದ್ದಿಯೇ ಇಲ್ಲ. ಅದೇ ಮೇಸ್ತ್ರಿಯ ಮಗ ಈ ಪ್ರಮೇಯವನ್ನು ಚಿತ್ರಸಮೇತ ಬಾಯಿಪಾಠ ಮಾಡಿದ್ದಾನೆ; ಗೂಟ ಹೊಡೆ ಎಂದರೆ ಸುತ್ತಿಗೆ ಹುಡುಕಲು ಹೋಗುತ್ತಾನೆ.

ಉಪಸಂಹಾರ

ಮಣ್ಣಿನ ಮೇಲೆ ಯಾರೂ ಮರೆಯದ ಲೆಕ್ಕ ಹಾಳೆಯ ಮೇಲೆ ಎಲ್ಲರಿಗೂ ಮರೆಯುತ್ತದೆ, ಏಕೆಂದರೆ ಹಾಳೆಗೆ ಪಹಣಿಯಿಲ್ಲ. ಇದನ್ನರಿತ ಮೊಮ್ಮಗ ಮುಂದಿನ ಪರೀಕ್ಷೆಯಲ್ಲಿ 2ಎಬಿಯನ್ನು ಮರೆಯದೆ ಬರೆದು, ಸುತ್ತ ಬೇಲಿಯಂತೆ ಚೌಕವನ್ನೂ ಹಾಕಿದ. ಆದರೂ ಅದು ಅಕ್ಕಪಕ್ಕದ ನಾಲ್ಕು ಉತ್ತರಪತ್ರಿಕೆಗಳಲ್ಲಿ ಬೇಲಿಸಮೇತ ಕಾಣಿಸಿಕೊಂಡಿತು. ನಕಲು ಹೊಡೆದವರು ಯಾರೆಂದು ಮೇಷ್ಟ್ರು ಕೇಳಿದರು.

“ಯಾರೋ ಸಾರ್” ಎಂದಿತು ಇಡೀ ತರಗತಿ.