ವೆಬ್‌ಸೈಟಿಗೆ ರೇಟು ಹೇಳುವ ಯಂತ್ರ: ಬಳಸುವ ವಿಧಾನ

ಈ ಯಂತ್ರ ಕೋಡ್ ಬರೆಯುವವನ ಗಂಟಲಲ್ಲೇ ಇರುತ್ತದೆ. ಪ್ಲಗ್ಗು, ಬ್ಯಾಟರಿ ಬೇಡ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳಲ್ಲಿ ಓಡಿಸಿ ನೋಡಿದ್ದೇನೆ. ಹುಟ್ಟುದೋಷ ಒಂದೇ: ಎದುರಿಗೆ ಕೂತವರು "ಎಷ್ಟಾಗತೈತಪ್ಪ?" ಅಂದಕೂಡಲೇ, ಮನಸ್ಸಿನಲ್ಲಿದ್ದ ಇಪ್ಪತ್ತು ಸಾವಿರ ನಾಲಿಗೆಗೆ ಬರುವಷ್ಟರಲ್ಲಿ ಎಂಟು ಸಾವಿರವಾಗಿರುತ್ತದೆ. ವಾರಂಟಿ ಇಲ್ಲ.

ಮುನ್ನೆಚ್ಚರಿಕೆ. ಚಹಾ ಕುಡಿದ ಮೇಲೆ ರೇಟು ಹೇಳಬೇಡಿ. ಒಗ್ಗರಣೆ, ಮಿರ್ಚಿಯೂ ಬಂದಿದ್ದರೆ ಆವತ್ತು ಆ ಮಾತೇ ಬೇಡ. "ನಾಳೆ ಬರೆದು ಕಳಿಸ್ತೀನಿ ಅಣ್ಣಾ" ಎಂದು ಎದ್ದು ಬನ್ನಿ. "ನೀ ನಮ್ಮ ಹುಡುಗ ಅಲ್ಲೇನಪ್ಪ" ಎಂಬ ಮಾತು ಕಿವಿಗೆ ಬೀಳುವ ಮೊದಲೇ ಚಪ್ಪಲಿ ಮೆಟ್ಟಿರಬೇಕು. ಆ ಒಂದು ಮಾತಿಗೆ ನಾನು ಕಡಿಮೆಯೆಂದರೂ ಐದು ಸಾವಿರ ತೆತ್ತಿದ್ದೇನೆ, ಪ್ರತಿ ಸಲ.

ಮೊದಲನೇ ಹಂತ. ಮನೆಯಲ್ಲಿ ಒಬ್ಬರೇ ಕೂತು ದಿನ ಎಣಿಸಿ. ಬಾಡಿಗೆ, ಊಟ, ಇಂಟರ್‌ನೆಟ್, ಲ್ಯಾಪ್‌ಟಾಪಿನ ಕಂತು, ಅವ್ವನ ಮಾತ್ರೆ ಎಲ್ಲ ಸೇರಿ ತಿಂಗಳಿಗೆ 30,000 ರೂಪಾಯಿ ಬೇಕು ಅನ್ನಿ. ಅದನ್ನು 30ರಿಂದ ಭಾಗಿಸಿ ದಿನಕ್ಕೆ ಸಾವಿರ ಎನ್ನುವವರೇ ಬಹಳ. ನಾನೂ ಎರಡು ವರ್ಷ ಹಾಗೇ ಭಾಗಿಸಿದೆ. ಲೆಕ್ಕ ಸರಿಯಿತ್ತು, ಹೊಟ್ಟೆ ತುಂಬಲಿಲ್ಲ. ಕೋಡು ದುಡ್ಡಾಗುವ ದಿನ ತಿಂಗಳಿಗೆ ಹನ್ನೆರಡು ಸಿಕ್ಕರೆ ಪುಣ್ಯ. ಮಿಕ್ಕವು "ಅಣ್ಣಾ, ಫೋಟೊ ಕಳಿಸ್ರಿ" ಎಂದು ಗೋಗರೆಯುವುದರಲ್ಲಿ, ಹೋದ ಕರೆಂಟಿಗೆ ಕಾಯುವುದರಲ್ಲಿ, ಬ್ಯಾಲೆನ್ಸಿಗೆ ಓಡಾಡುವುದರಲ್ಲಿ ಸವೆಯುತ್ತವೆ. 12ರಿಂದ ಭಾಗಿಸಿ, ದಿನಕ್ಕೆ 2,500. ಕಮಲಾಪುರದ ಕಡೆಯ ಆರು ಕೋಣೆಯ ಹೋಂಸ್ಟೇಗೆ ಬುಕಿಂಗ್ ಸಮೇತ ಸೈಟು ಆರು ದಿನದ ಕೆಲಸ. "ಬಣ್ಣ ಒಂಚೂರು ಬದಲಿಸು" ಎಂಬುದಕ್ಕೆ ಇನ್ನೆರಡು ದಿನ. ಎಂಟು ದಿನಕ್ಕೆ 20,000. ಡೊಮೇನ್, ಹೋಸ್ಟಿಂಗ್ ಖರ್ಚು ಬೇರೆ. ಅವು ಮಾಲೀಕರ ಹೆಸರಲ್ಲೇ ಇರಲಿ.

ಎರಡನೇ ಹಂತ. ನಿಮ್ಮ ದಿನಗಳನ್ನು ಅವರ ದಂಧೆಯ ಲೆಕ್ಕಕ್ಕೆ ಇಳಿಸಿ. 2,000 ರೂಪಾಯಿಯ ಕೋಣೆಗೆ ಬುಕಿಂಗ್ ಆ್ಯಪ್ ನೂರಕ್ಕೆ 15 ಹಿಡಿದರೆ 300 ಹೋಯಿತು. 67 ನೇರ ಬುಕಿಂಗ್ ಬಂದರೆ ಸೈಟಿನ ದುಡ್ಡು ಹುಟ್ಟಿತು. ಇದನ್ನು ಸೀಸನ್ನು ಶುರುವಾಗುವ ಅಕ್ಟೋಬರಿಗೆ ಮೊದಲೇ ಹೇಳಿ. ಏಪ್ರಿಲ್ ಬಿಸಿಲಿಗೆ ಹಂಪಿಯಲ್ಲಿ ಬಂಡೆಗಳಷ್ಟೇ ಉಳಿದಿರುತ್ತವೆ, ಮಾಲೀಕರ ಮುಖವೂ ಹಾಗೇ ಇರುತ್ತದೆ.

ಸಂಡೂರಿನಲ್ಲಿ ಅದಿರು ಲಾರಿಯ ಮಾಲೀಕರು ಸಿಕ್ಕರೆ "ಟನ್ನಿಗೆ ಎಷ್ಟು" ಎಂಬ ಧಾಟಿಯಲ್ಲೇ "ಪುಟಕ್ಕೆ ಎಷ್ಟು" ಎನ್ನುತ್ತಾರೆ. ಒಪ್ಪಬೇಡಿ. ಅವರದೇ ಊರಿನ ಲಂಬಾಣಿ ಕಸೂತಿ ನೆನಪಿಸಿ. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ20 ಸಂಸ್ಕೃತಿ ಸಭೆಯ ಹೊತ್ತಿಗೆ 1,755 ಲಂಬಾಣಿ ಕಸೂತಿ ವಸ್ತುಗಳನ್ನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು. ಮೀಟರಿಗಿಷ್ಟು ಎಂದು ಅಳೆಯುವ ಮಾಲೇ ಅದು? ಸೂಜಿ ಹಿಡಿದ ಕೈ ಎಷ್ಟು ದಿನ ಕೂತಿತ್ತು ಎಂದು ಕೇಳಬೇಕು.

ಕಂಪ್ಲಿಗೆ ಬಿಲ್ಲು ಕಳಿಸುವುದಾದರೆ ಭತ್ತದ ಕೊಯ್ಲು ಮುಗಿದ ಮೇಲೆ. ಅಷ್ಟೇ.

ಮೂರನೇ ಹಂತ, ನಿರ್ವಹಣೆ. "ಒಮ್ಮೆ ಮಾಡಿದ್ರೆ ಮುಗೀತಲ್ಲ, ವರ್ಷಾ ವರ್ಷಾ ಯಾಕೆ ರೊಕ್ಕ?" ಎಂಬ ಪ್ರಶ್ನೆ ಬಂದೇ ಬರುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ ಹತ್ತೊಂಬತ್ತನೆಯದರ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ್ದ ನೀರು ಹೊಳೆಗೆ ಹರಿದು, ಹೊಸ ಹಲಗೆ ಕೂರಿಸುವ ತನಕ ನಾವ್ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಆದ್ದರಿಂದ ವಾದ ಮಾಡಬೇಡಿ, "ಹತ್ತೊಂಬತ್ತನೇ ಗೇಟು" ಅನ್ನಿ. ವರ್ಷಕ್ಕೆ ಎರಡು ದಿನದ ಕೂಲಿ, 5,000, ಬರೆದುಕೊಳ್ಳಿ.

ಯಂತ್ರ ಕೈಕೊಟ್ಟಾಗ. ಅರ್ಧ ಕೆಲಸವಾದ ಮೇಲೆ ಫೋನು ಬರುತ್ತದೆ: "ತಮ್ಮಾ, ನಮ್ಮ ಅಕ್ಕನ ಮಗ ಇಂಜಿನಿಯರಿಂಗ್ ಓದಾಕತ್ಯಾನ, ಅವನೇ ಮಾಡ್ತಾನಂತ." ನೌಕರನಲ್ಲದವನು ಬರೆದ ಕೋಡು, ಅವನು ಹಕ್ಕು ಬರೆದುಕೊಡುವ ತನಕ ಅವನದೇ ಎನ್ನುತ್ತದೆ 1957ರ ಕೃತಿಸ್ವಾಮ್ಯ ಕಾಯ್ದೆ. ಆದರೆ ನಮ್ಮ ಪೇಟೆಯಲ್ಲಿ ಕಾಯ್ದೆ ಮಾತಾಡಿದವನಿಗೆ ಮತ್ತೆ ಚಹಾ ಸಿಗುವುದಿಲ್ಲ. ಇದಕ್ಕಿಂತ ಹಳೆಯ, ಇಲ್ಲಿಯದೇ ಕಾನೂನು ಹಿಡಿಯಿರಿ. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನುನಿಜ್ ಬರೆದಿಟ್ಟಿದ್ದಾನೆ: ಸಾಳುವ ನರಸಿಂಹ ಸಾವಿರ ಪರ್ದಾವೊ ನಾಣ್ಯಕ್ಕೆ ಮೂರರಂತೆ ಕುದುರೆ ಕೊಳ್ಳುತ್ತಿದ್ದನಂತೆ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಸಾಕು, ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ. ದೊರೆ ದಡ್ಡನಲ್ಲ, ಕುದುರೆ ತರುವವನು ಮುಳುಗಿದರೆ ಮುಂದಿನ ಹಡಗು ಬರುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಕೊಟೇಶನ್ನಿನ ಕೊನೆಗೆ ಈ ಸಾಲು ಸೇರಿಸಿ: ಅರ್ಧ ಅಡ್ವಾನ್ಸ್, ಕೆಲಸ ಎಲ್ಲಿ ನಿಂತರೂ ಅಲ್ಲಿಯವರೆಗಿನ ದಿನಗಳ ದುಡ್ಡು ಕೊಡತಕ್ಕದ್ದು. ಮಾಲೀಕರು "ಹೂಂ" ಎಂದು ವಾಟ್ಸ್‌ಆ್ಯಪಿನಲ್ಲಿ ಉತ್ತರಿಸುವ ತನಕ ಲ್ಯಾಪ್‌ಟಾಪ್ ತೆರೆಯಬೇಡಿ.

ನನ್ನ ಲ್ಯಾಪ್‌ಟಾಪಿನಲ್ಲಿ 'ಬಾಲ' ಎಂಬ ಫೋಲ್ಡರ್ ಇದೆ. ಅದರಲ್ಲಿ ಅರ್ಧಕ್ಕೆ ಸತ್ತ ನಾಲ್ಕು ಸೈಟುಗಳಿವೆ. ಎರಡಕ್ಕೆ ದುಡ್ಡು ಬಂದಿದೆ.