ಗೊಬ್ಬೂರದ ಕಟ್ಟೆಯ ಮೇಲೆ ಹಾರ್ಡ್ ರಾಕ್

ಹಾರ್ಡ್ ರಾಕ್ ಸಂಗೀತಕ್ಕೆ ಸರಿಯಾದ ಪ್ರತಿನಿಧಿ ಯಾವ ಬ್ಯಾಂಡು ಎಂಬ ತಕರಾರು ಲಂಡನ್ನಿನಲ್ಲೋ ಸಿಡ್ನಿಯಲ್ಲೋ ಎಂದೋ ಇತ್ಯರ್ಥವಾಗಿರಬೇಕೆಂದು ನೀವು ತಿಳಿದಿದ್ದರೆ, ಆಗಿಲ್ಲ. ದೀಪಾವಳಿಯ ರಜೆಯಲ್ಲಿ ಆ ಮೊಕದ್ದಮೆ ಅಫಜಲಪುರ ತಾಲ್ಲೂಕಿನ ಗೊಬ್ಬೂರಕ್ಕೆ ವರ್ಗವಾಗಿ ಬಂದಿತ್ತು. ದೇವದುರ್ಗದ ಗಬ್ಬೂರು ಬೇರೆ, ನಮ್ಮ ಗೊಬ್ಬೂರ ಬೇರೆ. ಹೊಸ ಬೀಗರು ಒಮ್ಮೆಯಾದರೂ ತಪ್ಪು ಬಸ್ಸು ಹತ್ತುವುದು ಇದೇ ಕಾರಣಕ್ಕೆ.

ತಂಟೆಗೆ ಮೂಲ ಒಂದು ಅಂಗಿ. ಬೆಂಗಳೂರಿನಲ್ಲಿ ಕಂಪ್ಯೂಟರ್ ನೌಕರಿ ಮಾಡುವ ನನ್ನ ಅಕ್ಕನ ಮಗ ಹೊಲ ನೋಡಲು ಹೋದ. ತೊಗರಿ ಹೂ ಬಿಟ್ಟು ಹಳದಿಯಾಗಿದ್ದ ಹೊತ್ತು. ಎಣ್ಣೆ ಹೊಡೆಯುವ ಪಂಪು ಬೆನ್ನಿಗೆ ಕಟ್ಟಿಕೊಂಡು ಸಾಲಿನೊಳಗಿಂದ ಬಂದ ಹುಡುಗನ ಎದೆಯ ಮೇಲೆ ಎರಡು ಪಿಸ್ತೂಲು, ಎರಡು ಗುಲಾಬಿ: ಗನ್ಸ್ ಎನ್ ರೋಸಸ್. ನಮ್ಮ ಹುಡುಗನಿಗೆ ಪರದೇಶದಲ್ಲಿ ತನ್ನೂರಿನವನು ಸಿಕ್ಕಷ್ಟು ಖುಷಿ. "ಈ ಬ್ಯಾಂಡ್ ಕೇಳ್ತೀಯೇನು?" ಎಂದ. ಅವನು ಅಂಗಿಯನ್ನು ಒಮ್ಮೆ ಬಗ್ಗಿ ನೋಡಿಕೊಂಡು, "ಕಲಬುರಗಿ ಸೂಪರ್ ಮಾರ್ಕೆಟ್‌ದಾಗ ತಂದೀನ್ರಿ. ಪಿಸ್ತೂಲಿಂದು ನೂರಾ ಐವತ್ತು, ಬುರುಡಿದು ನೂರಾ ಎಂಬತ್ತು. ಬುರುಡಿದು ಒಂದೇ ತೊಳಿಗಿಗಿ ಬಣ್ಣ ಬಿಡ್ತದ್ರಿ" ಎಂದ. ಹಾರ್ಡ್ ರಾಕ್ ಕುರಿತು ಆ ವಾರ ನಾನು ಕೇಳಿದ ಅತ್ಯಂತ ಖಚಿತವಾದ ವಿಮರ್ಶೆ ಅದೇ.

ಸಂಜೆ ಚಹಾದಂಗಡಿಯ ಕಟ್ಟೆಯ ಮೇಲೆ ಸುಸಲಾ, ಮಿರ್ಚಿ ಭಜಿ ಇಟ್ಟುಕೊಂಡು ಕೂತಾಗ ಹುಡುಗ ಈ ಕಥೆ ಹೇಳಿ, ಅದರ ಬಾಲಕ್ಕೆ ತನ್ನ ಸಿದ್ಧಾಂತವನ್ನೂ ಕಟ್ಟಿದ. "ಗನ್ಸ್ ಎನ್ ರೋಸಸ್ ಬಿಡು ಮಾಮಾ. ಹಾರ್ಡ್ ರಾಕ್ ಅಂದ್ರ ಲೆಡ್ ಝೆಪೆಲಿನ್. ಉಳಿದವ್ರೆಲ್ಲಾ ಅವರ ಎಂಜಲ ಉಂಡವರು."

ನಾನು ಸುಮ್ಮನಿರಬಹುದಿತ್ತು. ಆದರೆ ನಾನು ಡೀಪ್ ಪರ್ಪಲ್ ಪಕ್ಷದವನು. 2001ರಲ್ಲಿ ಅವರು ಬೆಂಗಳೂರಿಗೆ ಬಂದಾಗ ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಡಬ್ಬಿಯಲ್ಲಿ ಬಾಗಿಲ ಹತ್ತಿರ ಕೂತು ಹೋದವನು. ಮನೆಯಲ್ಲಿ ಇಂಟರ್‌ವ್ಯೂ ಎಂದು ಹೇಳಿದ್ದೆ. ಭಜನೆಯ ಪೇಟಿ ಕೇಳುತ್ತ ಬೆಳೆದ ನಮ್ಮ ಕಡೆಯ ಕಿವಿಗೆ ಪರ್ಪಲ್ ತಂಡದ ಜಾನ್ ಲಾರ್ಡ್ ತಾನಾಗಿಯೇ ಹತ್ತಿರದವನಾಗುತ್ತಾನೆ. ಆ ಮಹಾರಾಯ ಹ್ಯಾಮಂಡ್ ಆರ್ಗನ್ನಿನ ತಂತಿಯನ್ನು ಗಿಟಾರಿನವರ ಮಾರ್ಷಲ್ ಆಂಪ್ಲಿಫೈಯರಿಗೆ ಸಿಕ್ಕಿಸಿ, ಚರ್ಚಿನಲ್ಲಿ ಸಂಭಾವಿತನಾಗಿದ್ದ ವಾದ್ಯವನ್ನು ಗುರುಗುಟ್ಟುವ ಹಾಗೆ ಮಾಡಿದ. ಇನ್ನು 'ಸ್ಮೋಕ್ ಆನ್ ದ ವಾಟರ್' ಹುಟ್ಟಿದ ಕಥೆ ಯಾವ ಪುರಾಣಕ್ಕೂ ಕಮ್ಮಿಯಲ್ಲ. 1971ರ ಡಿಸೆಂಬರ್ 4ರಂದು ಸ್ವಿಟ್ಜರ್ಲೆಂಡಿನ ಮಾಂಟ್ರೋದಲ್ಲಿ ಫ್ರಾಂಕ್ ಝಾಪಾನ ಕಛೇರಿ ನಡೆದಿದೆ. ಕೇಳುಗರಲ್ಲೊಬ್ಬ ಪುಣ್ಯಾತ್ಮ ಛಾವಣಿಗೆ ಬೆಂಕಿಯ ಗುಂಡು ಹಾರಿಸಿದ. ಇಡೀ ಕ್ಯಾಸಿನೋ ಸುಟ್ಟು ಬೂದಿ. ಅದೇ ಕ್ಯಾಸಿನೋದಲ್ಲಿ ಹಾಡು ಮುದ್ರಿಸಲು ಬಂದಿದ್ದ ಪರ್ಪಲ್ ತಂಡದವರು ಕೆರೆಯ ಮೇಲೆ ಹೊಗೆ ಹಬ್ಬುವುದನ್ನು ನೋಡುತ್ತ ಕೂತರು. ಆಮೇಲೆ ನೋಡಿದ್ದನ್ನೇ ಹಾಡಾಗಿಸಿದರು. ಗಿಟಾರ್ ಕೊಂಡವನು ಮೊದಲ ವಾರ ಅಕ್ಕಪಕ್ಕದವರ ತಲೆ ತಿನ್ನುವುದು ಇವತ್ತಿಗೂ ಅದೇ ರಿಫ್ಫಿನಿಂದ.

ಹುಡುಗ ಬಗ್ಗಲಿಲ್ಲ. ಝೆಪೆಲಿನ್ ತಂಡದ ಜಾನ್ ಬಾನಮ್‌ನ ಡ್ರಮ್ಮುಗಳನ್ನು ಹೆಡ್ಲಿ ಗ್ರೇಂಜ್ ಎಂಬ ಹಳೆಯ ಬಂಗಲೆಯ ಪಡಸಾಲೆಯಲ್ಲಿಟ್ಟು, ಮೆಟ್ಟಿಲ ಮೇಲಿನಿಂದ ಮೈಕು ಇಳಿಬಿಟ್ಟು ಆ ಗುಡುಗು ಹಿಡಿದದ್ದನ್ನು ವರ್ಣಿಸಿದ. ಅದೇ ತಂಡದ ಜಿಮ್ಮಿ ಪೇಜ್, ರಾಬರ್ಟ್ ಪ್ಲ್ಯಾಂಟ್ 1972ರಲ್ಲಿ ಮುಂಬಯಿಗೆ ಬಂದು ಅಲ್ಲಿನ ವಾದ್ಯಗಾರರ ಜತೆ ಮುದ್ರಣ ಮಾಡಿದ್ದನ್ನು ಹೇಳಿದ. 1980ರಲ್ಲಿ ಬಾನಮ್ ತೀರಿಕೊಂಡಾಗ ಬೇರೊಬ್ಬನನ್ನು ತಂದು ಕೂಡಿಸದೆ ಅಂಗಡಿಯನ್ನೇ ಮುಚ್ಚಿದರಲ್ಲ, ಆ ದೊಡ್ಡತನ ಯಾರಿಗಿದೆ ಎಂದು ಭಜಿಯನ್ನು ಗಾಳಿಯಲ್ಲಿ ಆಡಿಸಿ ಕೇಳಿದ. ಪರ್ಪಲ್ ತಂಡದವರು ಹಾಡುಗಾರರನ್ನು, ಗಿಟಾರಿನವರನ್ನು ಬದಲಾಯಿಸಿದ ಲೆಕ್ಕ ನನ್ನ ಮುಖಕ್ಕೇ ಹಿಡಿಯಲು ನೋಡಿದ. ಆಗ ನಾನು ಮಾತು ತೇಲಿಸಿ ಇನ್ನೊಂದು ಚಹಾ ಹೇಳಿದೆ.

ನಮ್ಮ ಕಾಕಾ ಇಷ್ಟೂ ಹೊತ್ತು ಎಲೆ ಅಡಿಕೆ ಮೆಲ್ಲುತ್ತ ಕೂತಿದ್ದರು. ವಯಸ್ಸಿನಲ್ಲಿ ಗೀಗೀ ಮೇಳದಲ್ಲಿ ದಪ್ಪು ಬಡಿದವರು. ಅವರ ಮುಂದೆ ವಾದ ಹೂಡುವುದೆಂದರೆ ತುಸು ಎಚ್ಚರಿಕೆ ಬೇಕು. ಗೀಗೀ ಪದದ ಕಸುಬೇ ವಾದ. ಒಂದು ಮೇಳ ಹರದೇಶಿ, ಗಂಡೇ ಹೆಚ್ಚೆನ್ನುತ್ತದೆ. ಇನ್ನೊಂದು ನಾಗೇಶಿ, ಹೆಣ್ಣೇ ಹೆಚ್ಚೆನ್ನುತ್ತದೆ. ಮುಂದೆ ನಿಂತವನು ದಪ್ಪು ಬಡಿದು ಸವಾಲು ಎಸೆಯಬೇಕು, ಹಿಂದೆ ತುಂತುಣಿ, ತಾಳದವರು ಗೀ ಗೀ ಎಂದು ಎತ್ತಿಕೊಳ್ಳಬೇಕು. ಎದುರಿನ ಮೇಳ ಶಿವ, ಶಕ್ತಿ, ಪುರಾಣ, ಮನೆಯ ಅತ್ತೆ ಸೊಸೆ ಎಲ್ಲವನ್ನೂ ಎಳೆತಂದು ಜವಾಬು ಕೊಡಬೇಕು. ಕೋಳಿ ಕೂಗುವವರೆಗೆ ನಡೆದರೂ ಶಿವ ಹೆಚ್ಚೋ ಶಕ್ತಿ ಹೆಚ್ಚೋ ತೀರ್ಮಾನವಾಗುವುದಿಲ್ಲ. ತೀರ್ಮಾನವಾದರೆ ಮುಂದಿನ ಜಾತ್ರೆಗೆ ಮೇಳದವರನ್ನು ಯಾರು ಕರೆಸುತ್ತಾರೆ?

"ಅದೇನು ಹೊಗಿ ಹಾಡಂದಿ, ಅದನ್ನ ಹಚ್ಚು" ಎಂದರು ಕಾಕಾ. ಹುಡುಗ ಮೊಬೈಲಿನಲ್ಲಿ ಹಚ್ಚಿದ. ರಿಫ್ಫು ನಾಲ್ಕು ಸಲ ಸುತ್ತಿ ಬಂತು. ಕಾಕಾ ಬೆರಳಿನಿಂದ ಕಟ್ಟೆಯ ಕಲ್ಲು ಬಡಿದು, "ಪಲ್ಲ ಛಲೋ ಅದ. ನುಡಿ ಯಾವಾಗ ಬರ್ತದ?" ಎಂದರು. ನುಡಿ ಬಂತು. ಕೇಳಿ, "ಪಲ್ಲನೇ ಛಲೋ ಇತ್ತು" ಎಂದರು. ಡೀಪ್ ಪರ್ಪಲ್ ಬಗ್ಗೆ ಇದಕ್ಕಿಂತ ನ್ಯಾಯವಾದ ಮಾತನ್ನು ಅವರ ವೈರಿಗಳೂ ಹೇಳಿರಲಾರರು.

ಬ್ಲ್ಯಾಕ್ ಸ್ಯಾಬತ್ ಹೆಸರೂ ಬಂತು. ಬರ್ಮಿಂಗ್‌ಹ್ಯಾಮಿನ ತಗಡಿನ ಕಾರ್ಖಾನೆಯಲ್ಲಿ ಬಲಗೈಯ ಎರಡು ಬೆರಳ ತುದಿ ಕಳಕೊಂಡ ಅವರ ಗಿಟಾರಿನ ಟೋನಿ ಅಯೋಮಿ, ಪ್ಲಾಸ್ಟಿಕ್ ಕರಗಿಸಿ ತಾನೇ ಬೆರಳ ಟೊಪ್ಪಿಗೆ ಮಾಡಿಕೊಂಡು, ಮುಂದೆ ತಂತಿಗಳನ್ನೂ ಸಡಿಲಿಸಿ ನುಡಿಸಿದ. ಆ ಭಾರದ ದನಿಗೆ ಅದೂ ಒಂದು ಕಾರಣ. ಆದರೆ ಅವರು ಹೆವಿ ಮೆಟಲ್ ಸೀಮೆಯವರು ಎಂದು ಹುಡುಗ ಹೊರಗಿಟ್ಟ. ಇಲ್ಲಿಂದ ಒಂದಿಷ್ಟು ಹರದಾರಿ ಪಶ್ಚಿಮಕ್ಕೆ ಹೋದರೆ ಮಹಾರಾಷ್ಟ್ರ. ಗಡಿ ತಂಟೆಯ ರುಚಿ ಗೊತ್ತಿರುವ ನಾನು ಅದನ್ನು ಕೆದಕಲು ಹೋಗಲಿಲ್ಲ. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನದ ಧೂಳೆಬ್ಬಿಸಿ ಹೋದ ಮೇಲೆ ನಮ್ಮ ರಾಜಧಾನಿಯ ಹುಡುಗರೆಲ್ಲ ಮೆಟಲ್ ಕಡೆಗೇ ವಾಲಿದ್ದಾರೆ ಎಂಬುದು ನನ್ನ ಹಳೆಯ ದೂರು. ಅದನ್ನೂ ಅಂದು ನುಂಗಿಕೊಂಡೆ.

"ಅಲ್ಲೋ, ನೀವು ಛಲೋ ಯಾರು ಅಂತ ನೋಡ್ಲಾಕತ್ತೀರೋ, ಪ್ರತಿನಿಧಿ ಯಾರು ಅಂತ ನೋಡ್ಲಾಕತ್ತೀರೋ?" ಎಂದು ಕಾಕಾ ಎಲೆಯ ರಸ ಉಗುಳಿ ಬಂದು ಕೇಳಿದರು. ಎರಡೂ ಒಂದೇ ಅಲ್ಲವೇ ಎಂದೆ. "ಹೆಂಗ ಒಂದೇ ಆಗ್ತದ? ಪಂಚಾಯ್ತಿಗಿ ಆರಿಸಿ ಬಂದವ ಊರಾಗಿನ ಶ್ಯಾಣ್ಯಾ ಏನು? ಶ್ಯಾಣ್ಯಾರೆಲ್ಲ ಕಲಬುರಗಿ, ಪುಣೆ ಸೇರ್ಯಾರ. ಯಾವ ಹೊತ್ತಿನಾಗ ಹೋದ್ರೂ ಕಟ್ಟಿ ಮ್ಯಾಲ ಸಿಗ್ತಾನಲ್ಲ, ಅವನೇ ಪ್ರತಿನಿಧಿ."

ಈ ಕಾಯಿದೆ ಹಚ್ಚಿದ ಕೂಡಲೇ ಹುಡುಗನ ಕಡೆಯೂ ನನ್ನ ಕಡೆಯೂ ಠೇವಣಿ ಕಳಕೊಂಡವು. ಝೆಪೆಲಿನ್ ಮಂದಿ ಎಂದು ಊರಲ್ಲಿದ್ದರು? 1970ರ ಮೂರನೇ ಆಲ್ಬಮ್ಮಿನ ಅರ್ಧಕ್ಕೇ ಕರೆಂಟು ಬೇಡದ ಗಿಟಾರ್ ಹಿಡಿದು ಜಾನಪದದ ಕಡೆ ನಡೆದುಬಿಟ್ಟಿದ್ದರು. 'ಕಾಶ್ಮೀರ್' ಎಂದು ಹಾಡಿಗೆ ಹೆಸರಿಟ್ಟರು, ಆ ಸಾಲುಗಳು ಹೊಳೆದದ್ದು ಮೊರಾಕ್ಕೊದ ಮರಳುಗಾಡಿನ ದಾರಿಯಲ್ಲಿ. ನಮ್ಮ ಪರ್ಪಲ್‌ದವರೂ 1969ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಪೂರಾ ಆರ್ಕೆಸ್ಟ್ರಾ ಕಟ್ಟಿಕೊಂಡು ಕನ್ಸರ್ಟೊ ನುಡಿಸಿ ಬಂದವರೇ. ಇಬ್ಬರೂ ಶ್ಯಾಣ್ಯಾರು. ಊರು ಬಿಟ್ಟವರು.

ಹಾಗಾದರೆ ಕಟ್ಟೆ ಬಿಡದವರು ಯಾರು? ನಾನೂ ಹುಡುಗನೂ ಒಬ್ಬರನ್ನೊಬ್ಬರು ನೋಡಿದೆವು. ಇಬ್ಬರಿಗೂ ಒಂದೇ ಹೆಸರು ಹೊಳೆದಿತ್ತು, ಇಬ್ಬರಿಗೂ ಹೇಳಲು ಮನಸ್ಸಿರಲಿಲ್ಲ. ಕೊನೆಗೆ ಅವನೇ ಹೇಳಿದ: "ಎಸಿ ಡಿಸಿ."

1973ರಲ್ಲಿ ಸಿಡ್ನಿಯಲ್ಲಿ ಮಾಲ್ಕಮ್ ಯಂಗ್, ಆಂಗಸ್ ಯಂಗ್ ಎಂಬ ಅಣ್ಣತಮ್ಮಂದಿರು ಕಟ್ಟಿದ ಬ್ಯಾಂಡು. ಹೆಸರು ಸಿಕ್ಕಿದ್ದು ಅಕ್ಕ ಮಾರ್ಗರೆಟ್‌ಳ ಹೊಲಿಗೆ ಯಂತ್ರದ ಮೇಲೆ ಬರೆದದ್ದರಿಂದ. ನಮ್ಮ ಮನೆಯದು ಕಾಲಲ್ಲಿ ತುಳಿಯುವ ಮಷೀನು. ನಮ್ಮಲ್ಲಿ ಹುಟ್ಟಿದ್ದರೆ ಏನು ಹೆಸರಿಡುತ್ತಿದ್ದರೋ. 1980ರ ಫೆಬ್ರವರಿಯಲ್ಲಿ ಹಾಡುಗಾರ ಬಾನ್ ಸ್ಕಾಟ್ ತೀರಿಕೊಂಡ. ಬ್ರಯಾನ್ ಜಾನ್ಸನ್‌ನನ್ನು ಕರೆತಂದು ಅದೇ ಜುಲೈಗೆ 'ಬ್ಯಾಕ್ ಇನ್ ಬ್ಲ್ಯಾಕ್' ಹೊರಡಿಸಿದರು. ಲೋಕದಲ್ಲಿ ಅತಿ ಹೆಚ್ಚು ಖರ್ಚಾದ ಆಲ್ಬಮ್ಮುಗಳ ಸಾಲಿನಲ್ಲಿ ಅದಿದೆ. ಆರ್ಕೆಸ್ಟ್ರಾ ಇಲ್ಲ, ಮರಳುಗಾಡಿಲ್ಲ. ಮಾಲ್ಕಮ್ ಹಿಂದೆ ನಿಂತು ಅದೇ ಮೂರು ನಾಲ್ಕು ಪಟ್ಟನ್ನು ಗಡಿಯಾರದಷ್ಟು ಕರಾರುವಾಕ್ಕಾಗಿ ಹಿಡಿಯುತ್ತಿದ್ದ, ತಮ್ಮ ಮುಂದೆ ಕುಣಿಯುತ್ತಿದ್ದ. 2017ರಲ್ಲಿ ಮಾಲ್ಕಮ್ ಹೋದ ಮೇಲೂ ದನಿ ಕೂದಲೆಳೆಯಷ್ಟು ಬದಲಾಗಲಿಲ್ಲ.

ಹುಡುಗ ಆಂಗಸ್‌ನ ಫೋಟೋ ತೋರಿಸಿದ: ಚಡ್ಡಿ, ಟೈ, ಟೊಪ್ಪಿಗೆ, ಸಾಲಿ ಹುಡುಗರ ಯೂನಿಫಾರ್ಮು. ವಯಸ್ಸೆಷ್ಟೆಂದು ಕಾಕಾ ಕೇಳಿದರು. ಎಪ್ಪತ್ತು ಎಂದ. "ಇನ್ನಾ ಪಾಸಾಗಿಲ್ಲೇನು?" ಎಂದರು ಕಾಕಾ.

ಆಮೇಲೆ ಹಾಡು ಹಚ್ಚಿಸಿದರು. ಬಸ್ಸೊಂದು ಗಾಣಗಾಪುರದ ಯಾತ್ರಿಕರನ್ನು ತುಂಬಿಕೊಂಡು ಹಾರ್ನು ಹೊಡೆಯುತ್ತ ಹೋಯಿತು. ಎಸಿ ಡಿಸಿ ಅದಕ್ಕೆ ಸೋಲಲಿಲ್ಲ. ಚಹಾದಂಗಡಿಯವನು ಬಾಣಲೆಯಿಂದ ಜಾರೆ ಎತ್ತಿ ಹಿಡಿದೇ ನಿಂತ. ಕಾಕಾ ಕಣ್ಣು ಮುಚ್ಚಿ, ಬೆರಳು ಬಡಿಯುತ್ತ, ಬಹಳ ಹೊತ್ತು ಕೇಳಿ, "ಬರೋಬ್ಬರಿ ಅದ. ಆದ್ರ ಹಾಡು ಭಾಳ ಉದ್ದ ಆತು ನೋಡು" ಎಂದರು.

"ಮುತ್ಯಾ, ಇದು ಮೂರನೇ ಹಾಡು" ಎಂದ ಹುಡುಗ.

"ಹೌದೇನು? ಹಂಗಾದ್ರ ಇನ್ನೊಂದು ಹಚ್ಚು" ಎಂದು ಕಾಕಾ ಅಡಿಕೆ ಕತ್ತರಿಸತೊಡಗಿದರು.